ಪೂಜೆಗೆ ಇಟ್ಟ ಗೇಜು

ಆ ಅಳತೆಯ ಗೇಜನ್ನು ಪೂಜೆಗೆ ಇಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಇದನ್ನು ಎಲ್ಲಕ್ಕಿಂತ ಕೊನೆಗೆ ಹೇಳಿದೆ, ಅಷ್ಟರಲ್ಲಿ ಒಬ್ಬರ ಕೆಲಸ ಹೋಗಿತ್ತು.

ಎಂಬತ್ತರ ದಶಕದ ಶುರುವಿನ ಮಾತು. ರಾಕೆಟ್ಟಿನ ಬಿಡಿಭಾಗಗಳನ್ನು ಮಾಡುವ ಒಂದು ಸರ್ಕಾರಿ ಕೇಂದ್ರ ಬೆಂಗಳೂರಿನಲ್ಲಿತ್ತು, ಅಲ್ಲಿ ನಾನು ತಪಾಸಣೆಯವನು. ಬೇರೆಯವರು ಮಾಡಿದ್ದನ್ನು ಅಳೆದು ಸರಿ ಅಥವಾ ತಪ್ಪು ಅನ್ನುವುದು ನನ್ನ ಉದ್ಯೋಗ. ಆ ದಿನಗಳಲ್ಲಿ ನಮ್ಮಲ್ಲಿ ಒಂದು ಜಗಳ ನಡೆದಿತ್ತು. ರಾಕೆಟ್ಟಿನ ಕೆಲಸವೆಲ್ಲ ಸರ್ಕಾರವೇ ಮಾಡಬೇಕೋ, ಹೊರಗಿನ ಖಾಸಗಿಯವರಿಗೆ ಕೊಡಬೇಕೋ ಅಂತ. ಕ್ಯಾಂಟೀನಿನಲ್ಲಿ ಇಡ್ಲಿ ಆರಿಹೋದರೂ ಮಾತು ಆರುತ್ತಿರಲಿಲ್ಲ.

ನಮ್ಮ ವಿಭಾಗದ ದೊಡ್ಡ ಸಾಹೇಬರು ಕೊಡಬಾರದು ಅನ್ನುವ ಕಡೆ. "ರಾಕೆಟ್ ಏನ್ರೀ, ಬೀಡಿ ಕಟ್ಟೋ ಕೆಲಸಾನಾ? ಮನೆಮನೆಗೆ ಎಲೆ ಹಂಚಿ ಸಾಯಂಕಾಲ ಬಂದು ಎತ್ಕೊಂಡು ಹೋಗೋಕೆ? ಇದು ದೇಶದ್ದು. ಲಾಭ ನೋಡೋನ ಕೈಗೆ ಕೊಟ್ರೆ ಮುಗೀತು" ಅನ್ನುತ್ತಿದ್ದರು.

ಯೋಜನೆ ನೋಡಿಕೊಳ್ಳುತ್ತಿದ್ದ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಬಾಯಲ್ಲಿ ದೊಡ್ಡವರು. "ಪ್ರತಿಯೊಂದು ಸ್ಕ್ರೂನೂ ನಾವೇ ತಿರುಗಿಸ್ತಾ ಕೂತ್ರೆ ಮೇಲಕ್ಕೆ ಹೋಗೋದು ಯಾವಾಗ ಸಾರ್? ಮೊಮ್ಮಕ್ಕಳ ಕಾಲಕ್ಕಾ?" ಅನ್ನುತ್ತಿದ್ದರು.

ಕೊನೆಗೆ ಇಬ್ಬರೂ ಒಂದಕ್ಕೆ ಒಪ್ಪಿದರು. ಒಂದೇ ಒಂದು ಭಾಗ, ಒಬ್ಬನೇ ಖಾಸಗಿಯವನು, ಐವತ್ತು ಪೀಸು. ಅಳೆಯುವವನು ಮಾತ್ರ ಸರ್ಕಾರದವನು, ಅವನು ಅಲ್ಲೇ ಹೋಗಿ ಕೂರಬೇಕು. ಐವತ್ತೂ ಗೆದ್ದರೆ ಮುಂದೆ ಇನ್ನಷ್ಟು ಕೆಲಸ ಹೊರಗೆ ಹೋಗುತ್ತದೆ, ಸೋತರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಸಿಕ್ಕಿದ ವರ್ಕ್‌ಶಾಪು ತುಮಕೂರಿನಲ್ಲಿ, ಗುಬ್ಬಿ ರಸ್ತೆಯ ಮೇಲೆ. ನನ್ನ ಹೆಂಡತಿಯ ಮನೆ ಕುಣಿಗಲ್ಲು, ಮೊದಲ ಬಾಣಂತನಕ್ಕೆ ಅವಳು ಅಲ್ಲೇ ಇದ್ದಳು. ಹಾಗಾಗಿ ಹೋಗುತ್ತೀರಾ ಅಂತ ಕೇಳಿದಾಗ ಹೂಂ ಅಂದೆ. ದೇಶಸೇವೆಯ ಯೋಚನೆ ಏನೂ ಇರಲಿಲ್ಲ. ಉಪ್ಪಾರಹಳ್ಳಿಯಲ್ಲಿ ಒಂದು ಕೋಣೆ ಹಿಡಿದೆ.

ವರ್ಕ್‌ಶಾಪಿನ ಯಜಮಾನರು ಗುಬ್ಬಿಯವರು, ದಿನಾ ಬೆಳಿಗ್ಗೆ ರೈಲಿನಲ್ಲಿ ಬರುತ್ತಿದ್ದರು. ನಲವತ್ತರ ಆಸುಪಾಸು, ಹಣೆಯ ಮೇಲೆ ವಿಭೂತಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಗಡಿಯಾರದ ಕಾರ್ಖಾನೆಯಲ್ಲಿ ಕೆಲವು ವರ್ಷ ಇದ್ದು ಬಿಟ್ಟು, ಲೋಹ ಕಡೆಯುವ ಸ್ವಂತ ಲೇತು ಹಾಕಿಕೊಂಡು, ಪಂಪ್‌ಸೆಟ್ಟು, ಅಕ್ಕಿ ಗಿರಣಿ ಅಂತ ರಿಪೇರಿ ಮಾಡಿಕೊಂಡಿದ್ದವರು. ನಮ್ಮ ಕೆಲಸ ಸಿಕ್ಕಾಗ ಸಾಹೇಬರು ಷರತ್ತು ಹಾಕಿದ್ದರು, ಒಂದೇ ಸೂರಿನಡಿ ಪಂಪಿನ ಗ್ರೀಸೂ ರಾಕೆಟ್ಟಿನ ಭಾಗವೂ ಇರಕೂಡದು ಅಂತ. ಯಜಮಾನರು ಹಳೇ ಗಿರಾಕಿಗಳಿಗೆಲ್ಲ ಕೈ ಮುಗಿದು ಬೇರೆ ಕಡೆ ಕಳಿಸಿಬಿಟ್ಟಿದ್ದರು. ಗೋಡೆಗೆ ಸುಣ್ಣ ಹೊಡೆಸಿ, ನೆಲಕ್ಕೆ ಗಾರೆ ಹಾಕಿಸಿ, ಚಪ್ಪಲಿ ಹೊರಗೆ ಬಿಡುವ ಪದ್ಧತಿ ಮಾಡಿದ್ದರು.

"ಸಾರ್, ಐವತ್ತೂ ಪಾಸಾದ್ರೆ ಮುಂದಿನ ಆರ್ಡರೂ ನಮಗೇ ತಾನೇ?" ಅಂತ ಮೊದಲ ದಿನವೇ ಕೇಳಿದರು.

"ಪಾಸಾಗ್ಲಿ ನೋಡೋಣ" ಅಂದೆ.

"ಆಗ್ದೆ ಏನ್ ಸಾರ್. ಆಗ್ಲೇಬೇಕು. ಹಳೇ ಗಿರಾಕಿಗಳು ಇನ್ನು ಈ ಕಡೆ ತಲೆ ಹಾಕಾಕಿಲ್ಲ" ಅಂತ ನಕ್ಕರು.

ಭಾಗ ಅಂದರೆ ಒಂದು ವಾಲ್ವಿನ ಒಡಲು. ಹೆಬ್ಬೆರಳಿನಷ್ಟು ಸ್ಟೇನ್‌ಲೆಸ್ ಸ್ಟೀಲು, ನಡುವೆ ಒಂದು ತೂತು. ಆ ತೂತಿನಲ್ಲಿ ಒಂದು ಸಣ್ಣ ಕಡ್ಡಿ ಮೇಲೆ ಕೆಳಗೆ ಜಾರಬೇಕು. ಜಾರಿದರೆ ಇಂಧನ ಹೋಗುತ್ತದೆ, ನಿಲ್ಲುತ್ತದೆ. ಕಚ್ಚಿಕೊಂಡರೆ ರಾಕೆಟ್ಟು ಎತ್ತಲೋ ತಿರುಗುತ್ತದೆ. ತೂತಿನ ಅಳತೆಯಲ್ಲಿ ಎಂಟು ಮೈಕ್ರಾನಿನಷ್ಟು ಮಾತ್ರ ಹೆಚ್ಚುಕಮ್ಮಿ ನಡೆಯುತ್ತದೆ, ಅದನ್ನು ಮೀರುವ ಹಾಗಿಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರನ್ನು ಸಾವಿರ ಮಾಡಿದರೆ ಅದರಲ್ಲಿ ಒಂದು.

ಅದನ್ನು ಅಳೆಯಲು ನನ್ನ ಬಳಿ ಗೇಜು ಇತ್ತು. ಬೆರಳುದ್ದದ ಹಿಡಿ, ಎರಡು ತುದಿಯಲ್ಲೂ ಉರುಟಾದ ಗಟ್ಟಿ ಉಕ್ಕು. ಒಂದು ಹೋಗುವ ತುದಿ, ಅದು ತೂತಿನೊಳಗೆ ತನ್ನ ತೂಕಕ್ಕೇ ಇಳಿಯಬೇಕು, ತಳ್ಳಬಾರದು. ಇನ್ನೊಂದು ಹೋಗದ ತುದಿ, ಮೊದಲನೆಯದಕ್ಕಿಂತ ಚೂರು ದಪ್ಪ, ಆ ಚೂರು ಒಂದು ಕೂದಲೆಳೆಗಿಂತಲೂ ಕಮ್ಮಿ. ಅದು ಬಾಯಲ್ಲೇ ನಿಲ್ಲಬೇಕು, ಇಳಿದರೆ ತೂತು ದೊಡ್ಡದಾಗಿದೆ ಅಂತ. ಈ ಉಕ್ಕು ಸ್ಟೇನ್‌ಲೆಸ್ ಅಲ್ಲ, ಒದ್ದೆ ತಾಕಿದರೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಪ್ರತಿ ಸಲ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ವ್ಯಾಸಲೀನು ಸವರಿ ಮರದ ಪೆಟ್ಟಿಗೆಯಲ್ಲಿ ಇಡಬೇಕು. ಪೆಟ್ಟಿಗೆಯ ಬೀಗದ ಕೈ ನನ್ನ ಉಡಿದಾರದಲ್ಲಿತ್ತು.

ಯಜಮಾನರು ತೂತು ಕೊರೆದು, ಆಮೇಲೆ ಹಿತ್ತಾಳೆ ಕಡ್ಡಿಗೆ ಲೋಹ ಸವೆಸುವ ಪೇಸ್ಟ್ ಹಚ್ಚಿ ಒಳಗೆ ಉಜ್ಜಿ ಉಜ್ಜಿ ಅಳತೆಗೆ ತರುತ್ತಿದ್ದರು. ಒಂದು ಉಜ್ಜು ಹೆಚ್ಚಾದರೆ ಪೀಸು ಗುಜರಿಗೆ. ಮೊದಲ ವಾರ ಮಾಡಿದ್ದೆಲ್ಲ ಗುಜರಿಯೇ. ಮಧ್ಯಾಹ್ನ ಊರ ಸುತ್ತ ಪಂಪ್‌ಸೆಟ್ಟು ಶುರುವಾದರೆ ಕರೆಂಟು ಸೊರಗುತ್ತಿತ್ತು, ಲೇತು ಮುಲುಗುತ್ತಿತ್ತು, ತೂತಿನ ಒಳಮೈ ತರಿತರಿ. ನಾನು ಬೆಂಗಳೂರಿಗೆ ಬರೆದು ಸ್ಟೆಬಿಲೈಸರ್ ತರಿಸೋಣ ಅಂತಿದ್ದೆ. ಅವರು ಕಾಗದದ ದಾರಿ ಕಾಯಲಿಲ್ಲ. "ಕರೆಂಟು ನಮ್ ಮಾತು ಕೇಳಲ್ಲ ಸಾರ್, ನಾವೇ ಅದರ ಮಾತು ಕೇಳೋಣ" ಅಂತ ಗುಬ್ಬಿಯಿಂದ ಬರುವುದನ್ನೇ ಬಿಟ್ಟು, ವರ್ಕ್‌ಶಾಪಿನಲ್ಲೇ ಮಲಗಿ, ಕೋಳಿ ಕೂಗುವಾಗ ಎದ್ದು ಬಿಸಿಲು ಏರುವುದರೊಳಗೆ ಕೊರೆಯುವುದು ಮುಗಿಸತೊಡಗಿದರು. ಉಜ್ಜುವುದು ಕೈಕೆಲಸ, ಅದು ಮಧ್ಯಾಹ್ನಕ್ಕೆ. ನಾನು ಹತ್ತಕ್ಕೆ ಹೋಗುವಷ್ಟರಲ್ಲಿ ಹಿಂದಿನ ದಿನದ ಪೀಸುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿರುತ್ತಿದ್ದರು.

ನಾನು ಅಳೆದು, ಪಾಸಾದರೆ ಹಸಿರು ಬಣ್ಣದ ಚುಕ್ಕೆ ಇಡುತ್ತಿದ್ದೆ. ಹೀಗೆ ಹದಿನೆಂಟು ಹಸಿರಾದವು. ಹದಿನೆಂಟನೆಯದು ಆದ ದಿನ ಅವರು ಬೆಲ್ಲದ ಕಾಫಿ ತರಿಸಿದರು. ಆಯುಧಪೂಜೆ ಹತ್ತಿರ ಬಂದಿತ್ತು.

ಪೂಜೆಯ ದಿನ ಗುಬ್ಬಿಯಿಂದ ಅವರ ತಾಯಿ ಬಂದರು. ತೆಳ್ಳಗಿನ ಜೀವ, ಗಟ್ಟಿ ಗಂಟಲು. ಲೇತಿಗೆ ಬಾಳೆಕಂದು ಕಟ್ಟಿಸಿದರು, ಹೂ ಮುಡಿಸಿದರು. ಹಲಗೆಯ ಮೇಲೆ ಸ್ಪಾನರು, ಸುತ್ತಿಗೆ, ವರ್ನಿಯರು ಎಲ್ಲ ಜೋಡಿಸಿ ಒಂದೊಂದಕ್ಕೂ ನೀರಿನಲ್ಲಿ ಕಲಸಿದ ವಿಭೂತಿ ಮೂರು ಬೆರಳಿನಲ್ಲಿ ಎಳೆದರು. ಆಮೇಲೆ ನನ್ನ ಮರದ ಪೆಟ್ಟಿಗೆ ಕಣ್ಣಿಗೆ ಬಿತ್ತು.

"ಅದ್ಯಾಕ್ಲಾ ಅದೊಂದು ಬಿಟ್ಟೆ?"

"ಅದು ಸರ್ಕಾರದ್ದು ಕಣವ್ವ. ಮುಟ್ಟಂಗಿಲ್ಲ" ಅಂದರು ಯಜಮಾನರು.

"ಸರ್ಕಾರದ್ದಾದ್ರೇನು, ಆಯುಧ ಅಲ್ವಾ? ಅನ್ನ ಹಾಕೋದು ಅದೇಯ ಅಂತೀಯ. ಅದನ್ನೇ ಕತ್ಲಲ್ಲಿ ಮಡಗಿ, ಮೂರು ಕಾಸಿನ ಸ್ಪಾನರಿಗೆ ಹೂ ಇಕ್ತೀಯ? ಚೆನ್ನಾಗದೆ ಕಣಪ್ಪ ನಿನ್ ನ್ಯಾಯ!"

ಯಜಮಾನರು ನನ್ನ ಮುಖ ನೋಡಿದರು. ಬೇಡ ಅನ್ನಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ನಾನೂ ಹುಟ್ಟಿದಾಗಿನಿಂದ ಆಯುಧಪೂಜೆ ನೋಡಿದವನು, ನಮ್ಮ ಮನೆಯಲ್ಲಿ ಕುಡುಗೋಲಿಗೂ ಮೂರು ಗೆರೆ ಇತ್ತು. ಆ ತಾಯಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಉಡಿದಾರದಿಂದ ಬೀಗದ ಕೈ ತೆಗೆದು, ಗೇಜಿನ ವ್ಯಾಸಲೀನು ನಾನೇ ಒರೆಸಿ ಅವರ ಅಂಗೈಯಲ್ಲಿಟ್ಟೆ. ಅವರು ಎರಡು ತುದಿಗೂ ಮೂರು ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಹಲಗೆಯ ನಟ್ಟನಡುವೆ ಮಲಗಿಸಿದರು.

"ಕದಲ್ಸೋಗಂಟ ಯಾರೂ ಮುಟ್ಬೇಡಿ" ಅಂದರು.

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆದು ಕದಲಿಸಬೇಕು, ಅದಕ್ಕೆ ಮೊದಲು ಕೈ ಹಾಕುವ ಹಾಗಿಲ್ಲ. ದಶಮಿಯ ಮಾರನೆಯ ದಿನ ಭಾನುವಾರ ಬಿತ್ತು. ನಾನು ಪೂಜೆ ಮುಗಿದ ದಿನವೇ ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಮಗುವನ್ನು ಎತ್ತಿಕೊಂಡು ಓಡಾಡಿದೆ. ಗೇಜಿನ ನೆನಪೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಬಂದು ಒಣಗಿದ ವಿಭೂತಿ ಒರೆಸಿದೆ. ಅದರ ಕೆಳಗೆ ಗೆರೆಗಳು ಹಾಗೇ ಇದ್ದವು. ತುಕ್ಕಿನ ಗೆರೆ, ಒಂದೊಂದು ತುದಿಗೂ ಮೂರು. ನನಗೆ ಏನೂ ಅನ್ನಿಸಲಿಲ್ಲ. ಹೆದರಿಕೆಯೂ ಆಗಲಿಲ್ಲ.

ನಿಯಮ ಸ್ಪಷ್ಟ ಇತ್ತು. ಗೇಜಿಗೆ ಏನಾದರೂ ಆದರೆ ಹಾಗೇ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೆ ಕಳಿಸಿ ಬೇರೆ ತರಿಸಬೇಕು. ಹಾಗೆ ಮಾಡಿದ್ದರೆ ಕೆಲಸ ಮೂರು ವಾರ ನಿಲ್ಲುತ್ತಿತ್ತು, ನನಗೆ ಮೆಮೊ ಬರುತ್ತಿತ್ತು, ಸಾಹೇಬರು ಕ್ಯಾಂಟೀನಿನಲ್ಲಿ "ರಾಕೆಟ್ಟಿಗೆ ಕುಂಕುಮ ಇಟ್ಟವ್ರೆ ಕಣ್ರೀ" ಅಂತ ನಗುತ್ತಿದ್ದರು. ಯಜಮಾನರ ಕೆಲಸ ನಿಲ್ಲಬಾರದು ಅಂತ ಹೀಗೆ ಮಾಡುತ್ತಿದ್ದೇನೆ ಅಂದುಕೊಂಡೆ. ಅದು ನಾನು ನನಗೇ ಹೇಳಿಕೊಂಡ ಸುಳ್ಳು. ಕಿಟಕಿಯ ಹತ್ತಿರ ಕೂತು, ಇದ್ದದ್ದರಲ್ಲಿ ತೀರಾ ನುಣುಪಾದ ಎಮರಿ ಪೇಪರಿಗೆ ಎಣ್ಣೆ ಹಚ್ಚಿ, ಎರಡು ತುದಿಯನ್ನೂ ಉಜ್ಜಿದೆ. ತುಕ್ಕು ಹೋಯಿತು. ತುಕ್ಕು ತಿಂದ ಸಣ್ಣ ಸಣ್ಣ ಗುಂಡಿ ಕಾಣುತ್ತಿವೆ ಅಂತ ಇನ್ನಷ್ಟು ಉಜ್ಜಿದೆ. ಗೇಜು ಹೊಸದರ ಹಾಗೆ ಹೊಳೆಯಿತು.

ಹಬ್ಬಕ್ಕೆ ಮೊದಲೇ ಉಜ್ಜಿ ಮುಗಿಸಿದ್ದ ಒಂಬತ್ತು ಪೀಸು ಕಾಯುತ್ತಿದ್ದವು. ಮೊದಲನೆಯದಕ್ಕೆ ಹೋಗುವ ತುದಿ ಇಳಿಯಿತು. ತಿರುಗಿಸಿ ಹೋಗದ ತುದಿ ಇಟ್ಟೆ. ಅದೂ ಇಳಿಯಿತು. ಎರಡನೆಯದೂ ಹಾಗೇ. ಒಂಬತ್ತೂ ಹಾಗೇ.

"ದೊಡ್ಡದಾಗಿವೆ ಯಜಮಾನ್ರೇ. ಒಂಬತ್ತೂ ರಿಜೆಕ್ಟು."

ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಸಾರ್, ಆ ಹದಿನೆಂಟು ಮಾಡಿದ ಹಂಗೇ ಮಾಡಿದ್ದು. ಅಷ್ಟೇ ಉಜ್ಜು, ಅದೇ ಕಡ್ಡಿ. ನನ್ ಕೈ ಲೆಕ್ಕಕ್ಕೆ ಸರಿಯಾಗವೆ."

"ನಿಮ್ ಕೈ ಲೆಕ್ಕ ಇಲ್ಲಿ ಬೇಡ. ಗೇಜು ಸುಳ್ಳು ಹೇಳಲ್ಲ."

ಅವರು ಗೇಜನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಆಯ್ತು ಸಾರ್" ಅಂದರು.

ನಾನು ಒಂಬತ್ತಕ್ಕೂ ಕೆಂಪು ಬಣ್ಣದ ಚುಕ್ಕೆ ಇಟ್ಟೆ. ಮುಂದಿನವಕ್ಕೆ ಎರಡು ಉಜ್ಜು ಕಮ್ಮಿ ಮಾಡಿ ಅಂದೆ. ಅವರು ಕಮ್ಮಿ ಮಾಡಿದರು. ಆಗ ಎಲ್ಲ ಪಾಸಾಗತೊಡಗಿದವು, ಒಂದಾದ ಮೇಲೊಂದು, ಹಸಿರು, ಹಸಿರು. ನನಗೆ ಅನುಮಾನ ಬರಲಿಲ್ಲ ಅಂದರೆ ತಪ್ಪಾಗುತ್ತದೆ. ಬಂತು. ಗೇಜು ಸವೆದು ಸಣ್ಣಗಾಗಿದ್ದರೆ, ಸರಿಯಾದ ತೂತು ದೊಡ್ಡದಾಗಿ ಕಾಣುತ್ತದೆ, ಚಿಕ್ಕ ತೂತು ಸರಿಯಾಗಿ ಕಾಣುತ್ತದೆ. ಇದು ತಪಾಸಣೆಯವನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಆ ಅನುಮಾನವನ್ನು ಇವತ್ತು ಬೇಡ ನಾಳೆ ನೋಡೋಣ ಅಂತ ದಿನಾ ತಳ್ಳುತ್ತಾ ಹೋದೆ. ಮೂವತ್ತೆರಡು ಪೀಸು ಹಾಗೇ ಮುಗಿದವು. ಮೊದಲಿನ ಹದಿನೆಂಟೂ ಸೇರಿ ಐವತ್ತಾಯಿತು.

ಐವತ್ತು ಪೀಸು ತುಂಬಿದ ಪೆಟ್ಟಿಗೆ ಬೆಂಗಳೂರಿಗೆ ಹೊರಟ ದಿನ ಯಜಮಾನರು ಅದಕ್ಕೆ ಕೈ ಮುಗಿದರು.

ಎರಡು ವಾರವಾದ ಮೇಲೆ ಸಾಹೇಬರು ಕರೆದರು. ಒಳಗೆ ಜಾರಬೇಕಾದ, ನಮ್ಮ ಕೇಂದ್ರದಲ್ಲೇ ಮಾಡಿದ ಕಡ್ಡಿಗಳನ್ನು ಐವತ್ತರಲ್ಲೂ ಹಾಕಿ ನೋಡಿದ್ದರು. ಹದಿನೆಂಟರಲ್ಲಿ ಜಾರಿದವು, ಮೂವತ್ತೆರಡರಲ್ಲಿ ಕಚ್ಚಿಕೊಂಡವು. ತೂತು ಚಿಕ್ಕದು.

"ಅಳೆಯೋವಾಗ ನೀವು ಅಲ್ಲೇ ಇದ್ರಿ ತಾನೇ?"

"ಇದ್ದೆ ಸಾರ್."

"ಗೇಜು ಪಾಸ್ ಮಾಡ್ತು?"

"ಮಾಡ್ತು ಸಾರ್."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರೆ ಇನ್ನೇನ್ರೀ? ನಿಮಗೆ ಒಳ್ಳೇದು ತೋರ್ಸಿ, ಪ್ಯಾಕ್ ಮಾಡೋವಾಗ ಕೆಟ್ಟದ್ದು ಹಾಕವ್ರೆ. ಹಸಿರು ಬಣ್ಣ ಯಾರ ಅಂಗಡೀಲಿ ಸಿಗಲ್ಲ? ನಾನು ಅವತ್ತೇ ಬಡ್ಕೊಂಡೆ."

ಅವರು ಕೆಟ್ಟವರಲ್ಲ. ತಾವು ಅಂದದ್ದನ್ನು ನಿಜ ಅಂತಲೇ ನಂಬಿದ್ದರು. ನಾನು ಬಾಯಿ ತೆರೆಯಲಿಲ್ಲ ಅಷ್ಟೇ. ಮಧ್ಯಾಹ್ನ ವರದಿ ಟೈಪಾಗಿ ಬಂತು. ತಪಾಸಣೆಯ ನಂತರ ಖಾಸಗಿ ತಯಾರಕರು ಭಾಗಗಳನ್ನು ಬದಲಾಯಿಸಿರುವ ಸಾಧ್ಯತೆ ಇದೆ ಅಂತ ಅದರಲ್ಲಿತ್ತು. ರುಜು ಹಾಕಿದೆ. ಆಮೇಲೆ ಕ್ಯಾಂಟೀನಿಗೆ ಹೋಗಿ ಚಿತ್ರಾನ್ನ ತಿಂದೆ. ರುಚಿ ಗೊತ್ತಾಗಲಿಲ್ಲ, ತಟ್ಟೆ ಮಾತ್ರ ಖಾಲಿಯಾಗಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಅಂತಾರಲ್ಲ, ಅದನ್ನು ಮಾಡುವಾಗ ಬೇಲಿಗೆ ಏನೂ ಅನ್ನಿಸುವುದಿಲ್ಲ ಅಂತ ಅವತ್ತು ತಿಳಿಯಿತು.

ಕೆಲಸ ನಿಲ್ಲಿಸುವ ಪತ್ರ ಕೊಟ್ಟು, ನಕಾಶೆಗಳನ್ನೂ ಅಲ್ಲೇ ಬಿಟ್ಟುಬಂದಿದ್ದ ಗೇಜಿನ ಪೆಟ್ಟಿಗೆಯನ್ನೂ ತರಲು ನನ್ನನ್ನೇ ತುಮಕೂರಿಗೆ ಕಳಿಸಿದರು.

ನಾನು ಹೋದಾಗ ಯಜಮಾನರು ಲೇತಿನ ಹಾಸನ್ನು ಒರೆಸುತ್ತಿದ್ದರು. ಪತ್ರ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇಂಗ್ಲಿಷು. ನೀವೇ ಓದಿ ಹೇಳಿ ಸಾರ್" ಅಂದರು.

ಓದಿ ಕನ್ನಡದಲ್ಲಿ ಹೇಳಬೇಕಾಯಿತು. ಮುಂದಿನ ಕೆಲಸ ಇಲ್ಲ ಅನ್ನುವುದನ್ನು ಹೇಳಿದೆ. ಬದಲಾಯಿಸಿರುವ ಸಾಧ್ಯತೆ ಅನ್ನುವ ಕಡೆ ನನ್ನ ನಾಲಿಗೆ ನಿಂತಿತು. ಬಿಟ್ಟುಬಿಡಬಹುದಿತ್ತು. ಅವರು ಕಾಯುತ್ತಿದ್ದರು. ಹೇಳಿದೆ.

"ಬದಲಾಯ್ಸಿದ್ವಾ? ನಾವಾ?"

ನಾನು ಪತ್ರವನ್ನೇ ನೋಡುತ್ತಿದ್ದೆ.

ಅವರು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದೆ ಇಟ್ಟರು. ಮುಚ್ಚಳ ತೆಗೆದರೆ ಬಟ್ಟೆಯಲ್ಲಿ ಸುತ್ತಿದ ಒಂಬತ್ತು ಪೀಸು, ಒಂಬತ್ತು ಕೆಂಪು ಚುಕ್ಕೆ. "ಬದಲಾಯ್ಸೋನು ಇವನ್ನ ಯಾಕೆ ಮಡಗ್ತಾನೆ ಸಾರ್? ಇವು ಸರಿಯಾಗವೆ. ಅವತ್ತೂ ಸರಿಯಾಗಿದ್ವು. ನೀವು ಕಮ್ಮಿ ಮಾಡಿ ಅಂದ್ರಿ, ಮಾಡ್ದೆ. ಹಬ್ಬ ಆದ ಸೋಮವಾರ ನೀವು ಆ ಕಿಟಕಿ ತಾವ ಕುಂತು ಗೇಜು ಉಜ್ಜಿದ್ದು ನಾನು ನೋಡ್ದೆ."

"ನೋಡಿದ್ರಾ? ಮತ್ತೆ ಯಾಕೆ ಹೇಳ್ಲಿಲ್ಲ ಯಜಮಾನ್ರೇ?"

"ಹೆಂಗೆ ಹೇಳ್ಲಿ? ಗೇಜು ಸರ್ಕಾರದ್ದು. ಉಜ್ಜಿದೋರು ಸರ್ಕಾರದೋರು. ಹಸಿರು ಕೆಂಪು ಎರಡೂ ನಿಮ್ ಕೈಲಿತ್ತು. ನಿಮ್ದು ತಪ್ಪು ಅಂದಿದ್ರೆ ಆಮೇಲೆ ಒಂದಾದ್ರೂ ಹಸಿರಾಗ್ತಿತ್ತಾ? ನೀವೇ ಹೇಳಿ." ಪೀಸುಗಳ ಮೇಲೆ ಬಟ್ಟೆ ಎಳೆದು ಮತ್ತೆ ಅಂದರು, "ಸರ್ಕಾರ ಮಾಡ್ಲಿ, ಪ್ರೈವೇಟ್ ಮಾಡ್ಲಿ ಸಾರ್, ನಂಗೇನಿಲ್ಲ. ತಪ್ಪು ಅಂತ ಒಬ್ರಿಗೊಬ್ರು ಅನ್ನಂಗಿರ್ಬೇಕು. ನಂಗೆ ಆ ಬಾಯಿ ಇರ್ಲಿಲ್ಲ. ನಿಮಗಿತ್ತು."

ನಾನು ನಕಾಶೆಗಳನ್ನು ಸುತ್ತಿದೆ. ಗೇಜಿನ ಪೆಟ್ಟಿಗೆ ಚೀಲಕ್ಕೆ ಹಾಕಿದೆ. ಈ ಪೀಸುಗಳನ್ನು ಕೊಡಿ, ತೋರಿಸಬೇಕು ಅಂದೆ. ಅವರು ಎಂಟನ್ನು ಕೊಟ್ಟು ಒಂದನ್ನು ಜೇಬಿಗೆ ಹಾಕಿಕೊಂಡರು. ಬಾಗಿಲವರೆಗೂ ಬಂದು, "ಒಂದು ಮಾತು ಸಾರ್. ಎಲ್ಲಿ ಏನಾದ್ರೂ ಹೇಳ್ಕಳಿ, ನಮ್ಮವ್ವನ ಕಿವಿಗೆ ಮಾತ್ರ ಬೀಳ್ದಂಗಿರ್ಲಿ. ವಿಭೂತಿಯಿಂದ ಶುರುವಾಯ್ತು ಅಂತ ಗೊತ್ತಾದ್ರೆ ಅನ್ನ ಬುಟ್ಬುಡ್ತಾಳೆ" ಅಂದರು.

ಬಸ್ಸು ಕ್ಯಾತ್ಸಂದ್ರ ದಾಟುವಾಗ ಡಬ್ಬ ತೊಡೆಯ ಮೇಲೆ ಗಲಗಲ ಅನ್ನುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು "ಬಿಸ್ಕತ್ತಾ ಸ್ವಾಮಿ?" ಅಂತ ಕೇಳಿದರು. ಹೌದು ಅಂದೆ. ಅಷ್ಟು ಸಣ್ಣದಕ್ಕೂ ಸುಳ್ಳು ಹೇಳಿದೆನಲ್ಲ ಅನ್ನಿಸಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎಷ್ಟೋ ದಿನಗಳ ನಂತರ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಹೇಳಿಬಿಡೋಣ ಅಂತ ನಿರ್ಧಾರ ಮಾಡಿದ್ದು ಅಲ್ಲಿಯೇ, ನೆಲಮಂಗಲ ಬರುವ ಮೊದಲು. ದೊಡ್ಡ ಧೈರ್ಯ ಅಂತೇನೂ ಬರಲಿಲ್ಲ. ಹೊತ್ತುಕೊಂಡು ಸಾಕಾಗಿತ್ತು.

ಬೆಳಿಗ್ಗೆ ನೇರ ಅಳತೆಯ ಕೋಣೆಗೆ ಹೋಗಿ ಗೇಜನ್ನು ಅಳೆಸಿದೆ. ಎರಡು ತುದಿಯೂ ಐದೈದು ಮೈಕ್ರಾನು ಸವೆದಿದ್ದವು. ಆ ಚೀಟಿಯನ್ನು ಲಗತ್ತಿಸಿ, ಪೂಜೆ, ತುಕ್ಕು, ಎಮರಿ, ಕೆಂಪು ಚುಕ್ಕೆ, ಸುಳ್ಳು ರುಜು, ನಡೆದದ್ದನ್ನೆಲ್ಲ ಒಂದೂವರೆ ಪುಟದಲ್ಲಿ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಓದಿ ಮುಗಿಸಿ ಅವರು ಹಾಳೆಗಳನ್ನು ಮಗುಚಿಟ್ಟರು.

"ಏನ್ರೀ ಇದು. ಸುಮ್ನೆ ಇದ್ದಿದ್ರೆ ಆಗ್ತಿರ್ಲಿಲ್ವಾ?"

"ಅವ್ರು ಬದಲಾಯಿಸಿಲ್ಲ ಸಾರ್."

ಸಮಿತಿ ಸೇರಿತು. ಉದ್ದನೆಯ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬ ಇಟ್ಟೆ. ಹೊಸ ಗೇಜು ತರಿಸಿ ಎಂಟನ್ನೂ ಅಳೆದರು. ಹೋಗುವ ತುದಿ ಹೋಯಿತು, ಹೋಗದ ತುದಿ ನಿಂತಿತು. ಆಮೇಲೆ ಕಡ್ಡಿ ಹಾಕಿದರು. ಎಂಟರಲ್ಲೂ ತನ್ನ ತೂಕಕ್ಕೇ ಇಳಿಯಿತು, ಒಂದೊಂದು ಸಲವೂ ತಳಕ್ಕೆ ಮುಟ್ಟಿದಾಗ ಸಣ್ಣಗೆ ಟಕ್ ಅಂತಿತ್ತು. ಎಂಟು ಸಲ ಕೇಳಿಸಿಕೊಂಡೆ.

ಆಮೇಲೆ ಮಾತು ಶುರುವಾಯಿತು. ಸಾಹೇಬರು ಅಂದರು, "ಇದಕ್ಕೇ ನಾನು ಹೇಳಿದ್ದು. ನಮ್ಮ ಗೋಡೆ ದಾಟಿ ಹೊರಗೆ ಹೋದ್ರೆ ನಮ್ಮೋನೇ ಹಿಂಗಾಗ್ತಾನೆ. ಗೇಜಿಗೆ ವಿಭೂತಿ! ಇಲ್ಲಿ ಆಗ್ತಿತ್ತಾ?" ಯೋಜನೆಯ ಅಧಿಕಾರಿ ಅಂದರು, "ಪೂಜೆಗೆ ಕೊಟ್ಟೋರು ಸರ್ಕಾರದೋರು, ಉಜ್ಜಿದೋರು ಸರ್ಕಾರದೋರು, ಸುಳ್ಳು ಬರೆದೋರು ಸರ್ಕಾರದೋರು. ಪ್ರೈವೇಟ್‌ನೋರು ಮಾಡಿದ್ದು ಒಂದೇ ತಪ್ಪು ಸಾರ್, ನಮ್ಮ ಮಾತು ಕೇಳಿದ್ದು." ಇಬ್ಬರಿಗೂ ನನ್ನ ತಪ್ಪು ಉಪಯೋಗಕ್ಕೆ ಬಂತು. ಗುಬ್ಬಿ ರಸ್ತೆಯ ಆ ಮನುಷ್ಯನ ಸುದ್ದಿ ಅರ್ಧ ಗಂಟೆಯಲ್ಲಿ ಮೇಜಿನಿಂದ ಕೆಳಗೆ ಬಿದ್ದುಹೋಯಿತು. ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ, ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಬದಲಾಯಿಸಿದರು ಅನ್ನುವ ಆರೋಪ ಹಿಂತೆಗೆದುಕೊಂಡು ಎರಡು ಸಾಲಿನ ಪತ್ರ ಹೋಯಿತು. ಕೆಲಸ ವಾಪಸು ಹೋಗಲಿಲ್ಲ. ಸಣ್ಣ ವರ್ಕ್‌ಶಾಪುಗಳ ಸಹವಾಸ ಬೇಡ, ಈ ಭಾಗ ಕೇಂದ್ರದಲ್ಲೇ ಆಗಲಿ, ಮುಂದೆ ಯಾವುದಾದರೂ ದೊಡ್ಡ ಕಂಪನಿ ಬಂದರೆ ನೋಡೋಣ ಅಂತ ತೀರ್ಮಾನವಾಯಿತು. ನನ್ನನ್ನು ತಪಾಸಣೆಯಿಂದ ತೆಗೆದು ಸ್ಟೋರಿಗೆ ಹಾಕಿದರು. ಹದಿನೆಂಟು ಹಸಿರು ಪೀಸಿನ ಜೊತೆಗೆ ಆ ಎಂಟನ್ನೂ ಕೇಂದ್ರ ಇಟ್ಟುಕೊಂಡಿತು. ಕೆಂಪು ಬಣ್ಣವನ್ನು ಥಿನ್ನರಿನಲ್ಲಿ ಒರೆಸಿ ಹಸಿರು ಚುಕ್ಕೆ ಇಟ್ಟದ್ದನ್ನು ಸ್ಟೋರಿನ ಕಿಟಕಿಯಿಂದಲೇ ನೋಡಿದೆ. ಮುಂದೆ ಒಂದು ರಾಕೆಟ್ಟು ಹಾರಿದ ಸುದ್ದಿ ರೇಡಿಯೋದಲ್ಲಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅದರಲ್ಲಿ ಆ ಎಂಟರ ಪೈಕಿ ಯಾವುದಾದರೂ ಇತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಎರಡು ವರ್ಷ ಕಳೆದು, ಆಯುಧಪೂಜೆಯ ರಜಕ್ಕೆ ಕುಣಿಗಲ್ಲಿಗೆ ಹೋದವನು ಮಾರನೆಯ ದಿನ ಗುಬ್ಬಿಗೆ ಹೋದೆ. ಯಜಮಾನರು ತುಮಕೂರಿನ ವರ್ಕ್‌ಶಾಪು ಮುಚ್ಚಿ, ಲೇತನ್ನು ಊರಿಗೇ ತಂದು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದರು. ಕೊಬ್ಬರಿ ಎಣ್ಣೆ ಗಾಣದ ಶಾಫ್ಟು, ಪಂಪ್‌ಸೆಟ್ಟಿನ ಬುಷ್ಷು, ಅದೇ ಹಳೇ ಕೆಲಸ. ನನ್ನನ್ನು ನೋಡಿ ಎದ್ದು ಬಂದು ಕುರ್ಚಿ ಹಾಕಿದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ತಾಯಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. "ಬಂದ್ಯೇನಪ್ಪ, ಚೆನ್ನಾಗಿದೀಯಾ? ಸರ್ಕಾರದೋರು ಕೆಲಸಾನೇ ನಿಲ್ಸುಬುಟ್ರಂತೆ, ಇವ್ನು ಹೇಳ್ದ. ಹೋಗ್ಲಿ ಬುಡು. ಅವತ್ತು ನಿನ್ ಆಯುಧಕ್ಕೂ ವಿಭೂತಿ ಇಕ್ಕಿದ್ನಲ್ಲ, ನಿನಗಾದ್ರೂ ಒಳ್ಳೇದಾಯ್ತಾ?"

ಯಜಮಾನರು ನನ್ನ ಕಡೆ ನೋಡಿದರು. "ಆಯ್ತಮ್ಮಾ" ಅಂದೆ.

ತಾಯಿ ಲೋಟ ತೆಗೆದುಕೊಂಡು ಒಳಗೆ ಹೋದ ಮೇಲೆ ಶೆಡ್ಡಿನ ಗೋಡೆಗೆ ಕಣ್ಣು ಹೋಯಿತು. ದೇವರ ಪಟದ ಕೆಳಗಿನ ಹಲಗೆಯಲ್ಲಿ ಸ್ಪಾನರು, ಸುತ್ತಿಗೆ, ಹೂವು. ಅವುಗಳ ನಡುವೆ ಆ ಒಂಬತ್ತನೆಯ ಪೀಸು ನಿಂತಿತ್ತು. ಅದಕ್ಕೂ ಮೂರು ಗೆರೆ ವಿಭೂತಿ ಎಳೆದಿದ್ದರು. ಸ್ಟೇನ್‌ಲೆಸ್ ಸ್ಟೀಲು, ಎಷ್ಟು ಹಬ್ಬ ಕಳೆದರೂ ತುಕ್ಕಿಲ್ಲದೆ ಹೊಳೆಯುತ್ತಿತ್ತು. ವಿಭೂತಿಯ ಪಕ್ಕದಲ್ಲೇ ನಾನಿಟ್ಟ ಕೆಂಪು ಚುಕ್ಕೆ ಹಾಗೇ ಇತ್ತು.

"ಥಿನ್ನರಿದ್ರೆ ಕೊಡಿ ಯಜಮಾನ್ರೇ, ಅದನ್ನ ಒರೆಸ್ತೀನಿ" ಅಂದೆ.

"ಇರ್ಲಿ ಬುಡಿ ಸಾರ್" ಅಂದರು ಅವರು. "ಸರ್ಕಾರದ ಕೆಲಸ ಮಾಡಿದ್ವಿ ಅನ್ನೋಕೆ ನಮ್ಮತ್ರ ಉಳ್ದಿರೋ ಗುರುತು ಅದೊಂದೇ."